ಎರಡೂ ಎಡಗೈ ತೋಳು

"ಅಮ್ಮಾ, ಇವೆರಡೂ ಎಡಗೈ ತೋಳು!"

ಬಟನ್ ಎರಡು ತೋಳುಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿ ಮತ್ತೊಮ್ಮೆ ನೋಡಿದಳು. ಅನುಮಾನವೇ ಇಲ್ಲ. ಡ್ರೈವರ್ ಆಂಟಿಯ ಯೂನಿಫಾರ್ಮ್ ಅಂಗಿಗೆ ಅಮ್ಮ ಬಲಗೈ ತೋಳನ್ನು ಕತ್ತರಿಸಿಯೇ ಇರಲಿಲ್ಲ. ಬಟ್ಟೆಯ ಒಳಮೈ ಬೇರೆ, ಹೊರಮೈ ಬೇರೆ. ತಿರುಗಿಸಿ ಹೊಲಿಯೋಣ ಎಂದರೆ ಅದೂ ಆಗುವಂತಿರಲಿಲ್ಲ.

ಬಟನ್‌ಗೆ ಕಿಸಕ್ಕನೆ ನಗು ಬಂತು. ಅವಳಿಗೆ ಹತ್ತು ವರ್ಷ. ಅಮ್ಮ ಟೈಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದನೇ ಕ್ಲಾಸಿನಿಂದಲೂ ಅಂಗಿಗಳಿಗೆ ಬಟನ್ ಹಚ್ಚುವ ಕೆಲಸ ಇವಳದು, ಹಾಗಾಗಿ ಆ ಹೆಸರು. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಆ ಹೆಸರು ಕೂಗಿದರೆ, ಯಾರನ್ನಪ್ಪಾ ಕರೆದರು ಎಂದು ಅವಳೇ ಹಿಂದೆ ತಿರುಗಿ ನೋಡುತ್ತಾಳೆ.

"ಎರಡು ಸಲ ಅಳೆ, ಒಂದು ಸಲ ಕತ್ತರಿಸು ಅಂತ ನಂಗೆ ದಿನಾ ಪಾಠ ಹೇಳ್ತೀಯ. ಈಗ ನೀನೇ ಸಿಕ್ಕಿಬಿದ್ದೆ!"

ಅಮ್ಮ ನಗಲಿಲ್ಲ. ತೋಳುಗಳನ್ನು ನೋಡಿದಳು. ಕೈಯಲ್ಲಿದ್ದ ಕತ್ತರಿಯನ್ನು ನಿಧಾನವಾಗಿ ಕೆಳಗಿಟ್ಟಳು.

"ಬಾಗಿಲು ಮುಂದೆ ಮಾಡಿ ಬಾ, ಪುಟ್ಟಿ."

ಅಮ್ಮ ಪುಟ್ಟಿ ಎನ್ನುವುದು ಇವಳಿಗೆ ಜ್ವರ ಬಂದಾಗ ಮಾತ್ರ. ಬಟನ್ ಹೋಗಿ ಬಾಗಿಲು ಮುಂದೆ ಮಾಡಿದಳು.

"ನಿನ್ನೆ ನಾನೂ ಅಪ್ಪನೂ ಆಸ್ಪತ್ರೆಗೆ ಹೋಗಿದ್ವಲ್ಲ, ರಿಪೋರ್ಟ್ ಬಂತು. ನನ್ನ ಎದೇಲಿ, ಬಲಗಡೆ, ಒಂದು ಗಂಟಿದೆ. ಅದು ಕ್ಯಾನ್ಸರ್ ಅಂತೆ. ಸ್ತನದ ಕ್ಯಾನ್ಸರ್."

ಆ ಪದ ಬಟನ್‌ಗೆ ಗೊತ್ತಿತ್ತು. ಒಂದು ಸೀರಿಯಲ್‌ನಲ್ಲಿ ಕೇಳಿದ್ದಳು. ಆ ಸೀರಿಯಲ್‌ನ ಅಮ್ಮ ಮುಂದಿನ ವಾರವೇ ಗೋಡೆಯ ಮೇಲಿನ ಫೋಟೊ ಆಗಿದ್ದಳು.

"ನೀನು..." ಎಂದಳು.

"ಬೇಗ ಗೊತ್ತಾಗಿದ್ದು ಒಳ್ಳೇದಾಯ್ತು ಅಂದ್ರು ಡಾಕ್ಟ್ರು. ಆಪರೇಷನ್ ಮಾಡ್ತಾರೆ, ಔಷಧಿ ಕೊಡ್ತಾರೆ. ಇನ್ನೂ ಏನೇನು ಅಂತ ನಂಗೂ ಪೂರ್ತಿ ಗೊತ್ತಿಲ್ಲ ಕಣೇ. ಸುಳ್ಳು ಹೇಳಲ್ಲ ನಿಂಗೆ." ಅಮ್ಮನ ದನಿ ಇಸ್ತ್ರಿ ಮಾಡಿಟ್ಟಂತೆ ಸಪಾಟಾಗಿತ್ತು. "ಆದ್ರೆ ಗಿರಾಕಿಗಳ ಮುಂದೆ ಬಾಯಿ ಬಿಡ್ಬೇಡ. ಒಬ್ಬೊಬ್ಬರೇ ಬಂದು ಅಯ್ಯೋ ಪಾಪ ಅಂತ ಕೂತ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ. ಡ್ರೈವರ್ ಆಂಟಿ ಬಂದ್ರೆ ಮಿಷನ್ ಕೆಟ್ಟಿದೆ ಅಂದ್ಬಿಡು."

ಅಮ್ಮ ಒಳಗೆ ಹೋದಳು. ಬಚ್ಚಲಲ್ಲಿ ನಲ್ಲಿ ತಿರುಗಿಸಿದ ಸದ್ದು ಕೇಳಿತು. ಒಂದು ಬಕೆಟ್ ತುಂಬಿ ಹರಿಯುವಷ್ಟು ಹೊತ್ತಾದರೂ ಅದು ನಿಲ್ಲಲಿಲ್ಲ.

ಬಟನ್ ಮಿಷನ್ ಮುಂದಿನ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಬಲಗಡೆ ಎಂದಿದ್ದಳು ಅಮ್ಮ. ಹೋದ ತಿಂಗಳು ಶಾಲೆಗೆ ತಡವಾಯಿತೆಂದು ಬಟನ್ ಓಡುವಾಗ ಅವಳ ಮೊಣಕೈ ಅಮ್ಮನಿಗೆ ಬಲವಾಗಿ ಬಡಿದಿತ್ತು. ಸರಿಯಾಗಿ ಅಲ್ಲೇ. ಅಮ್ಮ "ಅಯ್ಯಪ್ಪಾ" ಎಂದು ಎದೆ ಹಿಡಿದುಕೊಂಡಿದ್ದಳು. ಇವಳು ನಿಲ್ಲದೆ, ಓಡುತ್ತಲೇ ಸಾರಿ ಎಂದಿದ್ದಳು.

ಹಾಗಾದರೆ ಇದನ್ನು ಮಾಡಿದ್ದು ನಾನೇ. ಬಟನ್ ತನ್ನ ಮೊಣಕೈಯನ್ನೇ ನೋಡಿಕೊಂಡಳು.

"ಏನಮ್ಮಾ ಬಟನ್, ನನ್ನ ಅಂಗಿ ರೆಡಿನಾ?"

ಡ್ರೈವರ್ ಆಂಟಿ ಬಾಗಿಲು ತಳ್ಳಿಕೊಂಡು ಬಂದೇಬಿಟ್ಟರು. ಅವರು ಸಿಟಿ ಬಸ್ ಓಡಿಸುತ್ತಾರೆ. ಅವರ ಬಸ್ಸಿಗೆ ಹಾರ್ನ್ ದಂಡ, ಅವರ ಗಂಟಲೇ ಸಾಕು ಎಂದು ಅಪ್ಪ ತಮಾಷೆ ಮಾಡುತ್ತಾನೆ.

"ಮಿಷನ್ ಕೆಟ್ಟಿದೆ ಆಂಟಿ," ಎಂದಳು ಬಟನ್.

ಗಾಬರಿಯಲ್ಲಿ ಅವಳ ಕಾಲು ಪೆಡಲ್ ಒತ್ತಿತು. ಮಿಷನ್ ಟಕಟಕಟಕ ಎಂದು ಓಡಿತು.

"ಕೆಟ್ಟಿರೋ ಮಿಷನ್ ಇಷ್ಟು ಚೆನ್ನಾಗಿ ಓಡತ್ತಾ?" ನಗುತ್ತಾ ಮೇಜಿನ ಹತ್ತಿರ ಬಂದ ಆಂಟಿ ತೋಳುಗಳನ್ನು ನೋಡಿದರು. ನಗು ನಿಂತಿತು. "ಹನ್ನೆರಡು ವರ್ಷ ಆಯ್ತು ನಿಮ್ಮಮ್ಮನ ಹತ್ರ ಹೊಲಿಸೋಕೆ ಶುರುಮಾಡಿ. ಒಂದು ಹೊಲಿಗೆ ಬಿಚ್ಚಿಸಿಲ್ಲ. ಇವತ್ತು ಎರಡೂ ಎಡಗೈ? ಏನಾಯ್ತೇ?"

ಬಾಯಿ ಬಿಡಬೇಡ ಎಂದಿದ್ದಳು ಅಮ್ಮ. ಆದರೆ ಮೊಣಕೈಯ ಮಾತು ಹೊಟ್ಟೆಯಲ್ಲಿ ನಿಲ್ಲಲಿಲ್ಲ.

"ಆಂಟಿ, ಮೊಣಕೈ ಬಡಿದ್ರೆ ಎದೇಲಿ ಗಂಟಾಗತ್ತಾ? ಅದು... ಅದು ಕ್ಯಾನ್ಸರ್ ಆಗತ್ತಾ?"

ಗುಟ್ಟು ರಟ್ಟಾಗಿತ್ತು. ಬಟನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಆಂಟಿ ಒಳಬಾಗಿಲ ಕಡೆ ನೋಡಿದರು. ನಲ್ಲಿ ಇನ್ನೂ ಹರಿಯುತ್ತಿತ್ತು. ಅವರು ಬಟನ್ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ಬಟನ್ ಯಾವತ್ತೂ ಕೇಳಿರಲಿಲ್ಲ.

"ಇಲ್ಲ ಕಣೇ. ಯಾರ ಮೊಣಕೈಯಿಂದಾನೂ ಅದು ಬರಲ್ಲ. ನೀನು ಮಾಡಿದ್ದಲ್ಲ ಇದು."

"ನಿಮಗೆ ಹೇಗೆ ಗೊತ್ತು?"

"ಅಳತೆ ಪುಸ್ತಕ ತೆಗಿ. ನನ್ನ ಪುಟ ಓದು."

ಬಟನ್ ಓದಿದಳು. ಕಾಲರ್, ಭುಜ, ತೋಳು, ಉದ್ದ. ಕೆಳಗೆ ಅಮ್ಮನ ಪುಟ್ಟ ಅಕ್ಷರಗಳಲ್ಲಿ 'ಎಡಗಡೆ ಒಳಜೇಬು' ಎಂದಿತ್ತು. ಬಟನ್ ಹಚ್ಚುವಾಗ ಆ ಜೇಬನ್ನು ಅವಳು ಎಷ್ಟೋ ಸಲ ನೋಡಿದ್ದಳು.

"ಇದು ಬಸ್ಸಿನ ಕೀ ಇಟ್ಕೊಳ್ಳೋಕೆ ಅಲ್ವಾ?"

"ಕೀ ಅಲ್ಲ, ಮೆತ್ತೆ. ಏಳು ವರ್ಷದ ಹಿಂದೆ ನಂಗೂ ಇದೇ ಕಾಯಿಲೆ ಬಂತು. ಆಪರೇಷನ್ ಮಾಡಿ ಎಡಗಡೆ ಸ್ತನ ತೆಗೆದ್ರು. ಆ ಜಾಗಕ್ಕೆ ಮೆತ್ತೆ ಇಟ್ಕೊಳ್ಳೋಕೆ ಜೇಬು ಬೇಕಿತ್ತು. ಕೇಳೋಕೆ ನಾಚಿಕೆ. ಇಷ್ಟು ದೊಡ್ಡ ಬಾಯಿ ನಂದು, ಒಂದು ವಾರ ಈ ಬೀದಿ ತನಕ ಬಂದು ವಾಪಸ್ ಹೋಗಿದೀನಿ! ಕೊನೆಗೆ ಕೇಳಿದೆ. ನಿಮ್ಮಮ್ಮ ಒಂದು ಪ್ರಶ್ನೆ ಹಾಕಲಿಲ್ಲ. ಹೊಲಿದುಕೊಟ್ಲು ಅಷ್ಟೇ."

ಏಳು ವರ್ಷ! ಅಮ್ಮ ಈ ವಿಷಯ ಮನೆಯಲ್ಲೂ ಆಡಿರಲಿಲ್ಲ. ಬಟನ್ ಬೆಪ್ಪಾಗಿ ಆಂಟಿಯನ್ನೇ ನೋಡಿದಳು. ಅದೇ ಕಾಯಿಲೆ ಬಂದವರು ಯೂನಿಫಾರ್ಮ್ ಹಾಕಿಕೊಂಡು, ಎದುರಿಗೇ ಕುಳಿತಿದ್ದರು.

ಆಂಟಿ ಎದ್ದು ಒಳಗೆ ಹೋದರು. ನಲ್ಲಿ ನಿಂತಿತು. ಆಮೇಲೆ ಅಮ್ಮ ಅಳುವುದು ಕೇಳಿತು. ಬಿಕ್ಕಿ ಬಿಕ್ಕಿ, ಸಣ್ಣ ಹುಡುಗಿಯ ಹಾಗೆ. ಬಟನ್‌ಗೆ ಭಯವಾಯಿತು. ಎಲ್ಲ ನನ್ನ ಬಾಯಿಂದಲೇ ಆಯಿತು ಅಂದುಕೊಂಡಳು.

ತುಂಬಾ ಹೊತ್ತಿನ ಮೇಲೆ ಅಮ್ಮ ಆಂಟಿಯ ಜೊತೆ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು, ಆದರೆ ದನಿ ಮತ್ತೆ ಅಮ್ಮನದೇ ಆಗಿತ್ತು.

"ಮೊಣಕೈ ವಿಷಯ ನಂಗೆ ಯಾಕೇ ಹೇಳಲಿಲ್ಲ, ಪೆದ್ದಿ?" ಎಂದು ಅವಳ ಮೊಣಕೈ ಹಿಡಿದು ಮುತ್ತು ಕೊಟ್ಟಳು. ಬಟನ್‌ಗೆ ಆಗ ಅಳು ಬಂತು.

"ಕತ್ತರಿ ಹಿಡಿಯೋ ಕೈ ಇದು," ಎಂದಳು ಅಮ್ಮ, ಆಂಟಿಗೆ ಬಲಗೈ ತೋರಿಸಿ. "ಆಪರೇಷನ್ ಆದ್ಮೇಲೆ ಇದೇ ಆಡದೇ ಹೋದ್ರೆ?"

"ನಂಗೂ ಮೊದಮೊದಲು ಈ ಕೈ ಎತ್ತೋಕೇ ಆಗ್ತಿರಲಿಲ್ಲ. ಆಸ್ಪತ್ರೇಲಿ ವ್ಯಾಯಾಮ ಹೇಳಿಕೊಟ್ರು. ಅಳ್ತಾ ಅಳ್ತಾ ಮಾಡಿದೆ." ಆಂಟಿ ಎಡಗೈಯನ್ನು ನೇರ ಮೇಲಕ್ಕೆತ್ತಿದರು. "ನೋಡಿ, ಈಗ ಅಷ್ಟು ದೊಡ್ಡ ಸ್ಟೇರಿಂಗ್ ತಿರುಗಿಸ್ತೀನಿ. ಬುಧವಾರ ನಂಗೆ ರಜೆ, ಡಾಕ್ಟರ್ ಹತ್ರ ಜೊತೆಗೆ ಬರ್ತೀನಿ. ನನ್ನ ಅಂಗಿ ಇರಲಿ. ಮೊದ್ಲು ನಿಮಗೊಂದು ಸಡಿಲ ಅಂಗಿ ಹೊಲ್ಕೊಳ್ಳಿ, ಮುಂದೆ ಬಟನ್ ಇರೋದು. ಆಪರೇಷನ್ ಆದ ಮೇಲೆ ತಲೆ ಮೇಲಿಂದ ಹಾಕ್ಕೊಳ್ಳೋದು ಕಷ್ಟ."

ಬಟನ್ ಅಳತೆ ಪುಸ್ತಕ ತಿರುವಿದಳು. ಬೀದಿಯವರದೆಲ್ಲ ಇತ್ತು. ಅಮ್ಮನದೇ ಇರಲಿಲ್ಲ. ತನ್ನ ಬಟ್ಟೆಯನ್ನು ಅಮ್ಮ ಯಾವಾಗಲೂ ಕಣ್ಣಂದಾಜಿನಲ್ಲೇ ಹೊಲಿದುಕೊಳ್ಳುತ್ತಿದ್ದಳು. ಬಟನ್ ಟೇಪು ತಂದಳು. ಅಮ್ಮ ಗಿರಾಕಿಯ ಹಾಗೆ ನೆಟ್ಟಗೆ ನಿಂತಳು. ಬಟನ್ ಎಲ್ಲವನ್ನೂ ಎರಡು ಸಲ ಅಳೆದು ಬರೆದುಕೊಂಡಳು.

ಶುಕ್ರವಾರ ಸಂಜೆ ಅಂಗಿ ಸಿದ್ಧವಾಯಿತು, ಬಟನ್ ಹಚ್ಚುವುದೊಂದು ಬಾಕಿ. ಬಟನ್ ಡಬ್ಬಿ ಸುರಿದುಕೊಂಡಳು. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯೊಂದರಿಂದಲೇ ಹಳೆಯ ಅಂಗಿಯ ಪುಟ್ಟ ಬಟನ್ನನ್ನು ಕಾಜದೊಳಗೆ ತೂರಿಸಲು ನೋಡಿದಳು. ಮೂರು ಸಲವೂ ಜಾರಿತು. ಅದನ್ನು ಬಿಟ್ಟು, ಕೋಟಿಗೆ ಹಾಕುವ ದೊಡ್ಡ ಕಂದು ಬಟನ್‌ಗಳನ್ನು ಆರಿಸಿದಳು.

"ಇಷ್ಟು ದೊಡ್ಡದಾ?" ಎಂದಳು ಅಮ್ಮ. ಮಗಳ ಬೆನ್ನ ಹಿಂದಿನ ಕೈ ನೋಡಿ, ಕಾಜಗಳನ್ನೂ ದೊಡ್ಡದು ಮಾಡಿಕೊಟ್ಟಳು.

ಬಟನ್ ಹಚ್ಚಿ ಮುಗಿದ ಮೇಲೆ ಅಮ್ಮ ಅಂಗಿ ತೊಟ್ಟು, ತಾನೂ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಒಂದು, ಎರಡು, ಮೂರು ಬಟನ್ ಹಾಕಿದಳು. ನಾಲ್ಕನೆಯದು ಜಾರಿತು. ಮತ್ತೆ ಜಾರಿತು.

ಬಟನ್ ಸಹಾಯ ಮಾಡಲು ಕೈ ಚಾಚಿದಳು. ಅಮ್ಮನ ಮುಖ ನೋಡಿ, ಚಾಚಿದ ಕೈಯನ್ನು ಹಾಗೇ ನಿಲ್ಲಿಸಿದಳು. ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ, ಮುಟ್ಟಲೂ ಇಲ್ಲ.

ಅಮ್ಮ ಉಸಿರೆಳೆದುಕೊಂಡು ಇನ್ನೊಂದು ಸಲ ಪ್ರಯತ್ನಿಸಿದಳು. ಬಟನ್ ಕಾಯುತ್ತಾ ಪಕ್ಕದಲ್ಲೇ ನಿಂತಳು.