ಸೆಲ್ಲು ಕಾರಿದ ಉಪ್ಪು

“ಆ ರೇಡಿಯೊ ಬೆನ್ನು ಬಿಚ್ಚಬ್ಯಾಡ ಕಣವ್ವ. ನಿಮ್ಮ ಮಾವನ ದನಿ ತಿಂದಿದ್ದು ಅದರೊಳಗೇ ಐತೆ” ಎಂದಳು ಪಾಲಮ್ಮ.

ಮೀನಾಕ್ಷಿ ನಕ್ಕಳು. ಚಿತ್ರದುರ್ಗದಲ್ಲಿ ರಸಾಯನಶಾಸ್ತ್ರ ಓದಿ, ಹೊಸದುರ್ಗದ ಕಡೆಯ ಈ ಕುರಿಗಾಹಿಗಳ ಮನೆಗೆ ಸೊಸೆಯಾಗಿ ಬಂದವಳು. “ದೆವ್ವ ಅಲ್ಲತ್ತೆ, ಸೆಲ್ಲು ಸೋರೈತೆ. ತೊಳೆದ್ರೆ ಹಾಡುತ್ತೆ.”

“ಯಾರೋ ಮಾಡಿಸಿದ್ದ ಮಾಟ. ಮಂತ್ರದೋನು ಸೆಲ್ಲಿಗೆ ಇಳಿಸಿ ಕಟ್ಟಿದ್ದಾನೆ. ಅಲ್ಲಿದ್ರೆ ತಗಡು ತಿಂದ್ಕಂಡು ಬಿದ್ದಿರುತ್ತೆ. ಬಿಟ್ರೆ ಮನುಷ್ಯರ್ನ ಹುಡುಕುತ್ತೆ.”

“ಹಂಗಾದ್ರೆ ದಿನಾ ಒಂದು ಮುದ್ದೆ ಇಡ್ರಿ ಅದಕ್ಕೆ!”

ಅತ್ತೆ ಹಿತ್ತಲಿಗೆ ಹೋದದ್ದೇ ತಡ, ಮೀನಾಕ್ಷಿ ಕತ್ತಲ ಗೂಡಿನಿಂದ ರೇಡಿಯೊ ಇಳಿಸಿ ಬಿಚ್ಚಿದಳು. ಹುಳಿ ವಾಸನೆ. ಒದ್ದೆ ಬೂದಿ, ತುಕ್ಕು. ಊದಿ ಒಡೆದ ಸೆಲ್ಲುಗಳಿಗೆ ಕರಿದಾರ ಸುತ್ತಿತ್ತು. ಸ್ಪ್ರಿಂಗಿನ ತುಂಬ ಹಸಿರು ಬಿಳುಪಿನ ಉಪ್ಪು, ಬೂಷ್ಟಿನಂತೆ. ದಾರ ಕತ್ತರಿಸಿದಳು. ಅಡುಗೆ ಸೋಡಾದ ನೀರು ಹಾಕಿದಳು. ಬುಸುಗುಡುತ್ತ ನೊರೆ ಎದ್ದಿತು. ಉಜ್ಜಿ, ಒರೆಸಿ, ಹೊಸ ಸೆಲ್ ಕೂರಿಸಿ ಗುಂಡಿ ತಿರುಗಿಸಿದಳು.

ಗೊರಗೊರ ಸದ್ದು. ಆಮೇಲೆ ಸ್ಪಷ್ಟವಾಗಿ: “ಹುರ್ರೋ... ಬರ್ರೇ... ಹುರ್ರೋ...”

ಅದು ಅವಳ ಗಂಡ ರಂಗೇಶನ ದನಿ. ಕುರಿಗಳನ್ನು ಕರೆಯುವ ದನಿ.

ಬೀದಿಯಲ್ಲಿ ಗೊರಸಿನ ಸದ್ದು. ಮಂದೆಗೆ ಮಂದೆಯೇ ನುಗ್ಗಿ ಬಂದು ಬಾಗಿಲಿಗೆ ಒತ್ತಿ ನಿಂತಿತು. ಎಲ್ಲ ಕಣ್ಣೂ ರೇಡಿಯೊ ಮೇಲೆ. ಅವುಗಳ ಹಿಂದೆ, ಧೂಳಿನಲ್ಲಿ, ರಂಗೇಶ್ ಓಡಿ ಬರುತ್ತಿದ್ದ. ಬಾಯಿ ತೆರೆದಿತ್ತು. ದನಿಯಿರಲಿಲ್ಲ. ತುಟಿಯ ಮೇಲೆ ಹಸಿರು ಉಪ್ಪು.

ಗುಂಡಿ ತಿರುಗಿಸಿ ರೇಡಿಯೊ ಆರಿಸಿದಳು. ಕರೆ ನಿಲ್ಲಲಿಲ್ಲ. ಸೆಲ್ಲಿಗೆ ಕೈ ಹಾಕಿದಳು.

“ತೆಗೀಬ್ಯಾಡ!” ಹಿತ್ತಲಿನಿಂದ ಪಾಲಮ್ಮ ಓಡಿ ಬಂದಳು. “ತೆಗೆದ್ರೆ ಅವನ ದನಿ ಅದರ ಜತೆಗೇ ಹೋಗುತ್ತೆ, ಮಂತ್ರದೋನು ಹೇಳಿದ್ದ. ಬದ್ಲಿಗೆ ಒಂದು ದನಿ ಕೊಡಬೇಕು. ಬಿಚ್ಚಿದೋಳು ನೀನು. ‘ನಂದು ತಗಾ’ ಅನ್ನು. ಅಷ್ಟೇ. ಅನ್ನವ್ವ!”

ಮೀನಾಕ್ಷಿ ಬಾಗಿದಳು. ಸ್ಪೀಕರಿನ ತೂತುಗಳಿಂದ ಹುಳಿ ಉಸಿರು ಕೆನ್ನೆಗೆ ತಗಲಿತು. ನಾಲಿಗೆ ಉಪ್ಪಾಯಿತು. ರಂಗೇಶನ ಕರೆ ಕ್ಷೀಣಿಸುತ್ತಿತ್ತು. ಎರಡೇ ಮಾತು. ಅನ್ನಬೇಕು. ಈಗಲೇ. ತುಟಿ ಬಿಗಿಯಿತು. ಯಾವ ಮಾಟವೂ ಅದನ್ನು ಬಿಗಿದಿರಲಿಲ್ಲ. ಅವಳಿಗೆ ಗೊತ್ತಿತ್ತು.

ಪಾಲಮ್ಮ ಅವಳನ್ನು ಪಕ್ಕಕ್ಕೆ ತಳ್ಳಿ ಸ್ಪೀಕರಿಗೆ ಬಾಯಿಟ್ಟಳು. “ನಂದು ತಗಾ.”

ರೇಡಿಯೊ ಸುಮ್ಮನಾಯಿತು.

“ಅವ್ವಾ!” ಅಂಗಳದಿಂದ ರಂಗೇಶ್ ಕೂಗಿದ.

ಓಗೊಡಲು ಪಾಲಮ್ಮನ ಬಾಯಿ ಆಡಿತು. ಏನೂ ಬರಲಿಲ್ಲ.

ಕುರಿಗಳನ್ನು ತಳ್ಳಿಕೊಂಡು ಒಳಬಂದವನು ಬಿಚ್ಚಿದ ರೇಡಿಯೊ ಕಂಡ. “ಯಾರು ಮುಟ್ಟಿದ್ದು ಇದನ್ನ?”

ಪಾಲಮ್ಮ ಸೊಸೆಯತ್ತ ನೋಡಿದಳು. ಸೆರಗಿನಿಂದ ತುಟಿಯ ಉಪ್ಪು ಒರೆಸಿಕೊಂಡಳು. ಆಮೇಲೆ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ನಿಂಗೇನು ಅರಳುಮರಳಾ? ಅಪ್ಪನ್ನ ನೋಡಿದ್ದು ಸಾಲದಾಗಿತ್ತಾ?” ರಂಗೇಶ್ ತಾಯಿಯನ್ನು ಬೈಯತೊಡಗಿದ.

ಮೀನಾಕ್ಷಿ ತಲೆತಗ್ಗಿಸಿ, ಒಂದೊಂದೇ ಕುರಿಯನ್ನು ಹೊರಗೆ ಅಟ್ಟುತ್ತ ಅಂಗಳಕ್ಕೆ ನಡೆದಳು.