ಮೊದಲು ಸುಟ್ಟ ಮನೆ

ವೈಶಾಖ ಬಹುಳದ ಒಂದು ಮುಂಜಾನೆ ಹೇಮಾದ್ರಿದುರ್ಗದ ಬತೇರಿಯ ಮೇಲೆ ನಿಂತು ನೋಡಿದವರಿಗೆ ಆ ರಾಜಧಾನಿಯು ಎರಡೇ ಬಣ್ಣಗಳಲ್ಲಿ ಕಾಣುತ್ತಿತ್ತು. ಕೋಟೆಯ ಒಳಗೆ ಸುಣ್ಣ ಬಳಿದ ಅರಮನೆ, ಸೋಮೇಶ್ವರನ ಗುಡಿಯ ಹೊನ್ನ ಕಳಶ, ಆನೆಯ ಲಾಯದ ಮುಂದೆ ಹರಡಿದ ಹಸಿ ಹುಲ್ಲು, ನಗಾರಿಖಾನೆಯಿಂದ ಇಳಿದು ಬರುವ ಉದಯರಾಗ, ಎಲ್ಲವೂ ನಿನ್ನೆಯಂತೆ, ಮೊನ್ನೆಯಂತೆ, ಅಜ್ಜಂದಿರ ಕಾಲದಂತೆ ಬೆಳಗುತ್ತಿದ್ದವು. ಕೋಟೆಯ ಹೊರಗೆ, ಏಳು ಬೀದಿಗಳ ಪೇಟೆಯಿದ್ದ ಕಡೆ, ಬರೀ ಕಪ್ಪು.

ಅಲ್ಲಿ ಒಲೆಗಳಿದ್ದವು, ಮನೆಗಳಿರಲಿಲ್ಲ. ಹೊಸ್ತಿಲುಗಳಿದ್ದವು, ಬಾಗಿಲುಗಳಿರಲಿಲ್ಲ. ನೇಕಾರರ ಬೀದಿಯಲ್ಲಿ ಹೆಂಗಸೊಬ್ಬಳು ಇಲ್ಲದ ಬಾಗಿಲಿನ ಮುಂದೆ ನೀರು ಚಿಮುಕಿಸಿ ರಂಗೋಲಿ ಎಳೆಯುತ್ತಿದ್ದಳು. ಗಾಣಿಗನೊಬ್ಬನು ಎಂದಿನಂತೆ ಅಂಗಳ ಗುಡಿಸುತ್ತಿದ್ದನು. ಗುಡಿಸಿದಷ್ಟೂ ಬೂದಿ ಬರುತ್ತಿತ್ತು, ಅವನು ಗುಡಿಸುತ್ತಲೇ ಇದ್ದನು. ಅಳುವವರು ಯಾರೂ ಇರಲಿಲ್ಲ. ಅತ್ತು ಮುಗಿದಿತ್ತೋ, ಇನ್ನೂ ಶುರುವಾಗಿರಲಿಲ್ಲವೋ, ಪರಮಾತ್ಮನೇ ಬಲ್ಲ.

ಈ ಮನೆಗಳಿಗೆ ಬೆಂಕಿಯಿಟ್ಟವರು ಶತ್ರುಗಳಲ್ಲ. ಅವರವರ ಮನೆಯನ್ನು ಅವರವರೇ ಸುಟ್ಟುಕೊಂಡಿದ್ದರು.

ಐದು ದಿನಗಳ ಹಿಂದೆ ಉತ್ತರ ದಿಕ್ಕಿನಲ್ಲಿ ಮೋಡದಂತೆ ಧೂಳೆದ್ದಿತು. ಬತೇರಿಯ ಕಾವಲಿನವನು ಅದು ಪರರಾಜ್ಯದ ಕುದುರೆಯ ದಂಡೆಂದು ಕೂಗಿದನು. ಸೈನ್ಯದ ಹೊಣೆ ಹೊತ್ತ ದಳವಾಯಿ ಕಸ್ತೂರಿನಾಯಕನು ಇನ್ನೊಬ್ಬನನ್ನು ಕಳಿಸಿ ವಿಚಾರಿಸುವಷ್ಟು ತಾಳ್ಮೆ ತೋರದೆ, ಹಗೆಗೆ ನೆರಳು ಸಿಗಬಾರದು, ಪೇಟೆಯ ಜನ ತಮ್ಮ ಮನೆಗಳನ್ನು ಸುಟ್ಟು ಕೋಟೆಯೊಳಗೆ ಬರತಕ್ಕದ್ದು ಎಂದು ಅಪ್ಪಣೆ ಮಾಡಿದನು. ಜನ ಸುಟ್ಟರು, ಬಂದರು. ಸಂಜೆಯ ಹೊತ್ತಿಗೆ ಧೂಳು ಹತ್ತಿರವಾಯಿತು. ಅದರೊಳಗಿಂದ ಲಂಬಾಣಿಗರ ಸಾವಿರ ಎತ್ತುಗಳು ಉಪ್ಪಿನ ಹೇರು ಹೊತ್ತು, ಕೊರಳ ಗಂಟೆ ಆಡಿಸುತ್ತ ಹೊರಬಂದವು. ಉಪ್ಪು ಮಾರಲು ಬಂದವರು ಕೊಳ್ಳುವ ಪೇಟೆಯೇ ಇಲ್ಲವೆಂದು ಕಂಡು, ಹೊಳೆಯ ಕಡೆಗೆ ತಿರುಗಿ ಹೋದರು.

ಆ ದುರ್ಗದಲ್ಲಿ ಡಂಗುರಕ್ಕೆ ಒಂದು ಕಟ್ಟಳೆಯಿತ್ತು. ಡಂಗುರದ ಅಪ್ಪಣೆಗೆ ಓಲೆಯಿಲ್ಲ. ಅರಮನೆಯ ಬರವಣಿಗೆಯ ಹಿರಿಯನಾದ ರಾಯಸದವನು ಕೋಟೆ ಬಾಗಿಲ ಹನುಮಂತದೇವರ ಮುಂದೆ ಅದನ್ನು ಸಾರುವವನ ಕಿವಿಯಲ್ಲಿ ಮೂರು ಸಲ ಹೇಳಬೇಕು; ಅವನು ಮೂರು ಸಲ ತಿರುಗಿ ಒಪ್ಪಿಸಬೇಕು. ಮತ್ತೂ ಒಂದು: ಏನನ್ನು ಸಾರುತ್ತಾನೋ ಅದನ್ನು ಸಾರುವವನು ಮೊದಲು ತನ್ನ ಮನೆಯಲ್ಲಿ ಮಾಡಿ ತೋರಿಸಬೇಕು. ದೀಪ ಹಚ್ಚಿರೆಂದರೆ ಮೊದಲ ದೀಪ ಅವನದು. ಬಾವಿ ಮುಚ್ಚಿರೆಂದರೆ ಮೊದಲ ಬಾವಿ ಅವನದು.

ಡಂಗುರದ ಹುಲುಗಪ್ಪನು ಅಂದೂ ಹಾಗೆಯೇ ಮಾಡಿದ್ದನು. ಹೆಂಡತಿ ತಾಯವ್ವ ಒರಳುಕಲ್ಲನ್ನು ಹೊರಗೆ ಉರುಳಿಸಿ, "ಇದಕ್ಕೂ ನಮ್ಮದೇ ಮೊದಲಾ?" ಎಂದಿದ್ದಳು. "ಎಂದು ನಮ್ಮದು ಎರಡನೆಯದಾಗಿತ್ತು ಹೇಳು" ಎಂದು ಅವನು ಸೂರಿಗೆ ಕೊಳ್ಳಿ ಹಿಡಿದಿದ್ದನು. ಆಮೇಲೆ ತಮಟೆ ಬಾರಿಸಿಕೊಂಡು ಏಳು ಬೀದಿ ತಿರುಗಿದ್ದನು.

ಮೂರನೆಯ ದಿನ ಜನ ಅರಮನೆಯ ಮುಂದೆ ಬಂದು ನಿಂತರು. ಎಳೆಯ ವಯಸ್ಸಿನ ಅರಸು ಸೋಮಭೂಪಾಲನು ಓಲಗದಲ್ಲಿ, "ಮನೆಗೆ ಬೆಂಕಿಯಿಡಲು ಹೇಳಿದವರಾರು?" ಎಂದು ಕೇಳಿದನು.

ಕಸ್ತೂರಿನಾಯಕನು ಕೈಮುಗಿದು, "ಮಹಾಪ್ರಭು, ಕೋಟೆಯೊಳಗೆ ಬನ್ನಿರೆಂದು ಮಾತ್ರ ಹೇಳಿಸಿದೆವು. ಬೆಂಕಿಯ ಮಾತು ಆ ಡಂಗುರದವನದೇ" ಎಂದನು.

ಅರಸನು ರಾಯಸದ ನರಹರಿಯಯ್ಯನ ಕಡೆಗೆ ತಿರುಗಿದನು. "ಕಿವಿಯಲ್ಲಿ ಹೇಳಿದವರು ತಾವಲ್ಲವೆ?"

ಇಪ್ಪತ್ತೆರಡು ವರ್ಷ ಅರಮನೆಯ ಅನ್ನ ಉಂಡಿದ್ದ ನರಹರಿಯಯ್ಯನಿಗೆ ಸತ್ಯವು ಗಂಟಲವರೆಗೆ ಬಂದದ್ದೂ ಗೊತ್ತಾಯಿತು, ಅಲ್ಲಿಯೇ ನಿಂತದ್ದೂ ಗೊತ್ತಾಯಿತು. ದಳವಾಯಿಯ ಕಣ್ಣು ಅವನ ಮೇಲಿತ್ತು. ಅವನು ತಲೆ ತಗ್ಗಿಸಿದನು. ತಗ್ಗಿದ ತಲೆಯನ್ನು ಓಲಗವು ಒಪ್ಪಿಗೆಯೆಂದು ತಿಳಿಯಿತು. ಓಲಗದ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಹುಲುಗಪ್ಪನನ್ನು ಸೆರೆಮನೆಗೆ ಎಳೆದೊಯ್ದರು.

ಮಾರನೆಯ ದಿನ ದಳವಾಯಿಯು ನರಹರಿಯಯ್ಯನನ್ನು ತನ್ನ ಪಡಸಾಲೆಗೆ ಕರೆಸಿಕೊಂಡನು.

"ಅಯ್ಯನವರೆ, ಆ ಮನುಷ್ಯ ತಾನಾಗಿ ತಪ್ಪೊಪ್ಪಬೇಕು. ತನ್ನ ಬಾಯಿಂದಲೇ ಏಳು ಬೀದಿಯಲ್ಲಿ ಸಾರಿ, ಸೀಮೆ ಬಿಟ್ಟು ಹೋಗಬೇಕು. ನೀವು ಹೋಗಿ ಒಪ್ಪಿಸಿ."

"ಅವನೇಕೆ ಒಪ್ಪುತ್ತಾನೆ, ದಳವಾಯಿಗಳೆ?"

"ರೋಹಿಣಿ ಮಳೆಗೆ ಎಷ್ಟು ದಿನವಿದೆ? ಹನ್ನೆರಡು. ಅರಮನೆಯ ಕಾಪಿನ ಕಾಡಿನಲ್ಲಿ ಬಿದಿರಿದೆ, ಇಡೀ ಪೇಟೆ ಕಟ್ಟುವಷ್ಟು. ಆದರೆ ಕೊಡುವುದು ಹೇಗೆ? ನಾವು ತಪ್ಪು ಮಾಡಿದೆವೆಂದು ಕೊಟ್ಟರೆ ಅದು ದಂಡ ತೆತ್ತಂತೆ. ಉಪ್ಪಿನೆತ್ತು ಕಂಡು ತನ್ನ ಪೇಟೆ ತಾನೇ ಸುಟ್ಟ ಸಂಸ್ಥಾನವೆಂದು ನೆರೆಯವರು ನಗುತ್ತಾರೆ, ನಾಳೆ ನಮ್ಮ ಅಪ್ಪಣೆಗೆ ಯಾರೂ ಏಳುವುದಿಲ್ಲ. ತಪ್ಪು ಅವನದಾದರೆ, ಅದೇ ಬಿದಿರು ಅರಸರ ಕೃಪೆ. ಕೃಪೆ ಮಾಡಲು ಅರಸರಿಗೆ ಅಡ್ಡಿಯಿಲ್ಲ."

"ಅವನು ಒಪ್ಪದಿದ್ದರೆ?"

ಕಸ್ತೂರಿನಾಯಕನು ವೀಳ್ಯದ ತಟ್ಟೆಯನ್ನು ಇತ್ತ ತಳ್ಳಿದನು. "ಮಳೆ ಅಂತೂ ಬರುತ್ತದೆ."

ನರಹರಿಯಯ್ಯನು ವೀಳ್ಯ ಮುಟ್ಟದೆ ಎದ್ದನು. ಸೆರೆಮನೆಯ ಮೆಟ್ಟಿಲಿಳಿಯುವಾಗ ಅವನಿಗೆ ನಾಚಿಕೆಯೂ ಆಗಲಿಲ್ಲ, ಭಯವೂ ಆಗಲಿಲ್ಲ. ಕಾಲು ಮರಗಟ್ಟಿದವನು ನಡೆಯುವಂತೆ ನಡೆದನು. ಹುಲುಗಪ್ಪನು ಗೋಡೆಗೊರಗಿ ಕುಳಿತಿದ್ದವನು ಎದ್ದು ಕೈಮುಗಿದನು.

"ಬರ್ರಿ ಸ್ವಾಮಿ. ಕೂಡ್ರಿಸೋದಕ್ಕೆ ಚಾಪೆ ಇಲ್ಲ, ಈಗಿನ್ನೂ ಹೊಸ ಸಂಸಾರ ನಂದು."

ನರಹರಿಯಯ್ಯನು ನೆಲದ ಮೇಲೆಯೇ ಕುಳಿತು ಎಲ್ಲವನ್ನೂ ಹೇಳಿದನು. ಏನನ್ನೂ ಮುಚ್ಚಿಡಲಿಲ್ಲ. ಹೇಳಿ ಮುಗಿಸಿ, "ಅಂದು ಓಲಗದಲ್ಲಿ ನನಗೆ ನಾಲಗೆ ಏಳಲಿಲ್ಲ, ಹುಲುಗಪ್ಪ" ಎಂದನು.

"ನೋಡಿದೆ ಸ್ವಾಮಿ." ಹುಲುಗಪ್ಪನು ತನ್ನ ಅಂಗೈ ನೋಡಿಕೊಂಡನು. ಕೊಳ್ಳಿ ಹಿಡಿದ ಕಡೆ ಬೊಬ್ಬೆ ಒಡೆದು ಸಿಪ್ಪೆ ಏಳುತ್ತಿತ್ತು. "ಬಿದಿರು ಏಳು ಬೀದಿಗೂ ಕೊಡ್ತಾರಾ? ಮೇದಾರ ಬೀದಿಗೆ ಕೊಟ್ಟು ಮಾದಿಗರ ಕೇರಿಗೆ ಇಲ್ಲ ಅನ್ನೋದು ಆಗಬಾರದು."

"ಹಂಚುವುದಕ್ಕೆ ನಾನೇ ನಿಲ್ಲುತ್ತೇನೆ."

"ಕೊನೆಯ ಗಾಡಿ ಖಾಲಿ ಆಗೋ ತನಕ ನೀವು ಮತ್ತೆ ನಿಜ ಗಿಜ ಅಂತ ಬಾಯಿ ಬಿಡಬಾರದು. ಬಿಟ್ಟರೆ ಗಾಡಿ ಅಲ್ಲೇ ನಿಲ್ತವೆ."

"ಬಿಡುವುದಿಲ್ಲ."

"ಹಂಗಾದರೆ ಸಾರ್ತೀನಿ." ಅವನು ನಕ್ಕನು; ನಗೆ ತುಟಿಯಲ್ಲೇ ಮುಗಿಯಿತು. "ತಾಯವ್ವ ಯಾವಾಗಲೂ ಅಂತಿದ್ದಳು, ಊರ ಸುದ್ದಿಯೆಲ್ಲ ಸಾರ್ತೀಯ, ನಿನ್ನ ಸುದ್ದಿ ಯಾವಾಗ ಸಾರ್ತೀಯ ಅಂತ. ಕರೆಸಿರಿ, ಕೇಳಲಿ."

ಮರುದಿನ ಬೆಳಗ್ಗೆ ಅವನನ್ನು ಹನುಮಂತದೇವರ ಮುಂದೆ ನಿಲ್ಲಿಸಿದರು. ದಳವಾಯಿಯೇ ಖುದ್ದಾಗಿ ಬಂದು ದೂರದಲ್ಲಿ ನಿಂತಿದ್ದನು. ನರಹರಿಯಯ್ಯನು ಹುಲುಗಪ್ಪನ ಕಿವಿಗೆ ಬಾಗಿದನು. ಒಮ್ಮೆ ಹೇಳಿದನು. ಎರಡನೆಯ ಸಲ ಹೇಳಿದನು. ಮೂರನೆಯ ಸಲ ಬಾಯಿ ತೆರೆದನು, ಸ್ವರ ಬರಲಿಲ್ಲ.

"ಇರಲಿ ಬಿಡ್ರಿ ಸ್ವಾಮಿ," ಎಂದು ಹುಲುಗಪ್ಪನು ಮೆಲ್ಲಗೆ ಹೇಳಿದನು, "ಮೂರನೆಯದು ನಾನೇ ಹೇಳಿಕೊಳ್ತೀನಿ."

ತಮಟೆಯ ಸದ್ದು ಮೊದಲ ಬೀದಿಗೆ ಇಳಿಯಿತು. ಬೂದಿಯ ನಡುವೆ ಕುಳಿತವರು ತಲೆಯೆತ್ತಿದರು.

"ಕೇಳ್ರಪ್ಪೋ ಕೇಳ್ರಿ! ಮನೆಗೆ ಬೆಂಕಿ ಇಡಿರಿ ಅಂತ ಅರಮನೆ ಹೇಳಿರಲಿಲ್ಲ! ಡಂಗುರದ ಹುಲುಗಪ್ಪ ತಾನೇ ಹುಟ್ಟಿಸಿ ಹೇಳಿದ! ಅರಸರು ಕೃಪೆ ಮಾಡಿ ಎಲ್ಲರಿಗೂ ಬಿದಿರು ಕೊಡ್ತಾರೆ! ಹುಲುಗಪ್ಪ ಹೊತ್ತು ಮುಳುಗೋದರೊಳಗೆ ಸೀಮೆ ಬಿಟ್ಟು ಹೋಗತಕ್ಕದ್ದು!"

ಬಳೆಗಾರರ ಬೀದಿಯಲ್ಲಿ ಸಾಂತವ್ವನೆಂಬ ಮುದುಕಿ ಎದ್ದು ನಿಂತಳು. ಅವಳ ಮುಂದೆ ಕರಗಿ ಗಟ್ಟಿಯಾದ ಬಳೆಗಳ ಮುದ್ದೆಯೊಂದಿತ್ತು. "ಲೇ ಹುಲುಗ, ಯಾರಿಗೆ ಹೇಳ್ತೀಯೋ ಈ ಕತೇನ? ನಿನ್ನ ಮನೆ ಮೊದಲು ಉರಿದದ್ದು ನಾನು ನೋಡಿಲ್ಲವಾ? ಸುಳ್ಳು ಹೇಳೋನು ತನ್ನ ಮನೆ ಸುಟ್ಟುಕೊಂಡು ಸುಳ್ಳು ಹೇಳ್ತಾನಾ?"

"ಅವ್ವಾ, ಸಾರೋವಾಗ ನಡುವೆ ಬಾಯಿ ಹಾಕಬಾರದು. ಎಂಬತ್ತು ವರ್ಷ ಆದರೂ ಕಲೀಲಿಲ್ಲ ನೀನು."

"ಸಾಯೋ ತನಕ ಕಲಿಯಲ್ಲ ಹೋಗು."

ಅವನು ತಮಟೆ ಬಾರಿಸಿ ಮುಂದೆ ನಡೆದನು. ಯಾರೂ ಕಲ್ಲೆಸೆಯಲಿಲ್ಲ, ಯಾರೂ ತಡೆಯಲಿಲ್ಲ. ಬಿದಿರು ಎಂಬ ಮಾತನ್ನು ಅವರು ಕೇಳಿದ್ದರು. ಉಳಿದದ್ದು ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿಯಲು ಜಾಗವಿರಲಿಲ್ಲ. ಏಳನೆಯ ಬೀದಿಯ ಕೊನೆಯಲ್ಲಿ ಅವನ ಸುಟ್ಟ ಮನೆಯ ಜಾಗವಿತ್ತು. ತಾಯವ್ವ ಗಂಟು ಕಟ್ಟಿ ಕಾದಿದ್ದಳು. ಒರಳುಕಲ್ಲನ್ನು ಹೊರಲು ಆಗದೆ ಅಲ್ಲೇ ಬಿಟ್ಟಿದ್ದಳು. ಹುಲುಗಪ್ಪನು ಅಲ್ಲಿ ನಿಂತು ಕೊನೆಯ ಸಲ ಸಾರಿದನು. ಸಾರಿದ್ದನ್ನು ಕಟ್ಟಳೆಯಂತೆ ತಾನೇ ಮೊದಲು ಮಾಡಬೇಕಾದವನು, ತಮಟೆಯನ್ನು ಒರಳಿನ ಮೇಲೆ ಇಟ್ಟು, ಹೆಂಡತಿಯ ತಲೆಯ ಗಂಟನ್ನು ತಾನು ತೆಗೆದುಕೊಂಡು, ಉತ್ತರದ ದಾರಿ ಹಿಡಿದನು. ಹೊತ್ತು ಮುಳುಗಲು ಇನ್ನೂ ಎಷ್ಟೋ ಸಮಯವಿತ್ತು.

ಬಿದಿರು ಬಂದಿತು. ದಳವಾಯಿಯು ಈ ಒಂದು ಮಾತಿಗೆ ತಪ್ಪಲಿಲ್ಲ. ಒಂಬತ್ತು ದಿನ ಗಾಡಿಗಳು ಕಾಪಿನ ಕಾಡಿಗೂ ಪೇಟೆಗೂ ನಡೆದವು. ನರಹರಿಯಯ್ಯನು ಬೆಳಗಿನ ಸಂಧ್ಯಾವಂದನೆ ಮುಗಿಸಿ ಬಂದು ನಿಂತರೆ ಸಂಜೆಯವರೆಗೆ ಕದಲುತ್ತಿರಲಿಲ್ಲ. ಮೇದಾರ ಬೀದಿಗೂ, ಮಾದಿಗರ ಕೇರಿಗೂ, ಏಳು ಬೀದಿಗೂ ಸೂರು ಎದ್ದಿತು. ಜನ ಮಾತಿಲ್ಲದೆ ಕಟ್ಟಿದರು, ಮಾತಿಲ್ಲದೆ ಸುಟ್ಟಿದ್ದ ಹಾಗೆಯೇ.

ಹತ್ತನೆಯ ದಿನ ಕೊನೆಯ ಗಾಡಿ ಬಂದಿತು. ಅದರಲ್ಲಿದ್ದ ಬಿದಿರನ್ನು ಸಾಂತವ್ವ ಯಾರನ್ನೂ ಕೇಳದೆ ಹುಲುಗಪ್ಪನ ಜಾಗಕ್ಕೆ ಇಳಿಸಿಕೊಂಡಳು. ನಾಲ್ಕಾರು ಗಂಡಾಳುಗಳು ಕಂಬ ನೆಟ್ಟರು. ಅರಮನೆಯ ಪಾರುಪತ್ಯಗಾರನು ಓಡಿ ಬಂದನು.

"ಏನಿದು? ಗಡಿಪಾರಾದವನ ಜಾಗಕ್ಕೆ ಬಿದಿರು ಕೊಡಲು ಅಪ್ಪಣೆಯಿಲ್ಲ!"

"ಮೊದಲು ಸುಟ್ಟ ಮನೆ ಇದು" ಎಂದಳು ಸಾಂತವ್ವ. "ಕಟ್ಟೋದರಲ್ಲಿ ಕೊನೆಗೆ ಬಿತ್ತು, ಅದಕ್ಕೇ ನಮಗೆ ನಾಚಿಕೆ."

"ಅಪ್ಪಣೆ ಯಾರದು ಅಂತ ಕೇಳಿದೆ!"

ನರಹರಿಯಯ್ಯನು ಗಾಡಿಯ ಒಳಗೆ ಬಗ್ಗಿ ನೋಡಿದನು. ಒಂದು ಗಳವೂ ಉಳಿದಿರಲಿಲ್ಲ. ಅವನು ಬೀದಿಯ ನಡುವೆ ಬಂದು ನಿಂತನು.

"ಅಪ್ಪಣೆ ನನ್ನದು. ಕಟ್ಟಿರೆಂದು ಹೇಳಿದವನು ನಾನು. ಸುಡಿರೆಂದು ದಳವಾಯಿಗಳು ಹೇಳಿದ್ದನ್ನು ಹುಲುಗಪ್ಪನ ಕಿವಿಯಲ್ಲಿ ಮೂರು ಸಲ ಹೇಳಿದವನೂ ನಾನೇ. ಅವನು ಒಂದಕ್ಷರ ಸೇರಿಸಲಿಲ್ಲ."

ಪಾರುಪತ್ಯಗಾರನು ಸುತ್ತ ನಿಂತವರನ್ನು ನೋಡಿದನು. "ಅಯ್ಯನವರೆ, ಇದನ್ನು ನಾನು ಮೇಲೆ ಹೋಗಿ ಹೇಳಬೇಕಾಗುತ್ತದೆ."

"ಹೇಳಿ. ಕಟ್ಟಳೆಗೆ ಮೂರು ಸಲ ಆಗಬೇಕು. ಇನ್ನೆರಡು ಸಲ ಹೇಳುತ್ತೇನೆ, ಕೇಳಿಸಿಕೊಂಡು ಹೋಗಿ."

ಅವನು ಇನ್ನೆರಡು ಸಲ ಹೇಳಿದನು, ಏಳನೆಯ ಬೀದಿಯ ಕೊನೆಯವರೆಗೆ ಕೇಳುವಂತೆ. ಯಾರೂ ಜಯಕಾರ ಹಾಕಲಿಲ್ಲ. ಪಾರುಪತ್ಯಗಾರನು ಕೋಟೆಯ ಕಡೆಗೆ ಹೋದನು. ಸಾಂತವ್ವ ತೊಲೆಗೆ ಸುತ್ತಿದ್ದ ಹಗ್ಗದ ಒಂದು ತುದಿಯನ್ನು ನರಹರಿಯಯ್ಯನ ಕೈಗೆ ಕೊಟ್ಟಳು.

"ಎಳೆದು ಹಿಡ್ಕೊಳ್ರಿ ಸ್ವಾಮಿ. ಸಡಿಲ ಬಿಡಬ್ಯಾಡ್ರಿ."

ಅವನು ಹಿಡಿದನು. ದಳವಾಯಿಯ ಆಳುಗಳು ಅವನನ್ನು ಕರೆದೊಯ್ಯಲು ಬಂದದ್ದು ಹೊತ್ತಿಳಿದ ಮೇಲೆ. ಅಷ್ಟರಲ್ಲಿ ಕೊನೆಯ ಗಂಟು ಬಿದ್ದಿತ್ತು, ಸೂರಿಗೆ ಹುಲ್ಲು ಹೊದೆಸಿ ಆಗಿತ್ತು, ಬಾಗಿಲನ್ನು ಉತ್ತರದ ದಾರಿಗೆ ಮುಖವಾಗಿ ಇಟ್ಟಿದ್ದರು. ಯಾರೋ ಒರಳುಕಲ್ಲನ್ನು ಒಳಗೆ ಉರುಳಿಸಿ, ಅದರ ಮೇಲಿದ್ದ ತಮಟೆಯನ್ನು ಮಳೆ ತಾಗದ ಮೂಲೆಯಲ್ಲಿ ತೂಗುಹಾಕಿದರು.

ಎರಡು ದಿನಕ್ಕೆ ರೋಹಿಣಿ ಮಳೆ ಹಿಡಿಯಿತು. ಆ ಮನೆ ಸೋರಲಿಲ್ಲ.