ಚಳಿ ಎಂದವನು ಚೀಲ ಹೊರಬೇಕು

ಹದಿನೇಳನೇ ಟವರಿನಲ್ಲಿ ತಂತಿಯನ್ನು ತೂಗುಹಾಕುವ ಪಿಂಗಾಣಿ ಡಿಸ್ಕುಗಳ ಸರ ತುಂಡಾಗಿ ತಂತಿ ಹಿಮಕ್ಕೆ ಬಿದ್ದಿದೆ ಎಂದು ಕಂಟ್ರೋಲ್ ರೂಮಿನಿಂದ ಫೋನ್ ಬಂದಾಗ ಲೈನ್ ಆಫೀಸಿನಲ್ಲಿದ್ದವರು ಮೂರೇ ಜನ. ಇನ್ನಿಬ್ಬರು ಜ್ವರ ಬಂದು ಮಲಗಿದ್ದರು. ಬೆಟ್ಟದಾಚೆಯ ಅಣೆಕಟ್ಟಿನಿಂದ ಊರಿಗೆ ಬರುವ ಲೈನ್ ಅದೊಂದೇ. ಊರಿನ ಆಸ್ಪತ್ರೆಯ ಜನರೇಟರಿಗೆ ಉಳಿದಿದ್ದ ಡೀಸೆಲ್ ಸಂಜೆಯವರೆಗೆ ಸಾಲುವಷ್ಟು. ಅಷ್ಟರೊಳಗೆ ಬೆಟ್ಟದ ನೆತ್ತಿಗೆ ಹೋಗಿ, ಹೊಸ ಸರ ಕಟ್ಟಿ, ಬದುಕಿ ಬರಬೇಕು.

"ಐದು ಜನರ ಕೆಲಸಕ್ಕೆ ಮೂರು ಜನಾನಾ?" ಎಂದ ಗೊಣಗಪ್ಪ. ಮೇಸ್ತ್ರಿಯ ಜೊತೆಗೇ ಕೆಲಸಕ್ಕೆ ಸೇರಿದವನು ಅವನು. ಮೂವತ್ತು ವರ್ಷ ಗೊಣಗಿ ಗೊಣಗಿ ಆ ಹೆಸರು ಸಂಪಾದಿಸಿದ್ದ.

"ಕೆಲಸಕ್ಕೆ ಇಬ್ಬರು ಸಾಕು ಕಣೋ. ಮೂರನೆಯವನು ನೀನು, ಗೊಣಗೋದಕ್ಕೆ," ಎಂದ ಮೇಸ್ತ್ರಿ.

ಮೂಲೆಯಲ್ಲಿ ಹಗ್ಗ ಸುತ್ತುತ್ತಿದ್ದ ಅಳಿಯ ನಕ್ಕ. ಮೇಸ್ತ್ರಿಯ ಮಗಳನ್ನು ಅವನು ಮದುವೆಯಾಗಿ ಎಂಟು ತಿಂಗಳಾಗಿತ್ತು. ಮನೆಯಲ್ಲಿ ಅವನಿಗೆ ಮೇಸ್ತ್ರಿ 'ಮಾವ'. ಆಫೀಸಿನ ಹೊಸ್ತಿಲು ದಾಟಿದರೆ ಎಲ್ಲರ ಹಾಗೆ 'ಮೇಸ್ತ್ರಿ'. ಮನೆಯಲ್ಲಿ "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದ ಮಾವನೂ ಇಲ್ಲಿ "ಬಾರೋ, ಹಿಡಿಯೋ" ಎನ್ನುತ್ತಿದ್ದ. ಇಬ್ಬರೂ ಈ ಗೆರೆಯನ್ನು ಒಂದು ದಿನವೂ ಅಳಿಸಿರಲಿಲ್ಲ.

ಗೋಡೆಯ ಮೇಲೆ ಚಳಿಯಲ್ಲಿ ಕೆಲಸ ಮಾಡುವವರ ನಿಯಮಗಳನ್ನು ಅಂಟಿಸಿದ್ದರು. ಬೆವರುವಷ್ಟು ಅವಸರ ಬೇಡ. ಒದ್ದೆಯಾದ ಕೈಗವಸನ್ನು ಕೂಡಲೇ ಬದಲಿಸು. ಬರಿಗೈಯಲ್ಲಿ ಕಬ್ಬಿಣ ಮುಟ್ಟಬೇಡ. ಅರ್ಧ ಗಂಟೆಗೊಮ್ಮೆ ಜೊತೆಗಾರನ ಮುಖ ನೋಡು. ಬಿಳಿ ಕಲೆ ಕಂಡರೆ ಕೆಲಸ ನಿಲ್ಲಿಸು. ಹೊಸಬರಿಗೆ ಇದನ್ನೆಲ್ಲ ಬಾಯಿಪಾಠ ಮಾಡಿಸಿದವನು ಮೇಸ್ತ್ರಿಯೇ. ಆದರೆ ಅಚ್ಚಾಗದ ಇನ್ನೊಂದು ನಿಯಮವಿತ್ತು. ಅದನ್ನು ಹುಟ್ಟಿಸಿದವನೂ ಅವನೇ, ಇಪ್ಪತ್ತು ವರ್ಷದ ಹಿಂದೆ, ತಮಾಷೆಗೆ. ಬೆಟ್ಟದ ಮೇಲೆ 'ಚಳಿ' ಎಂದು ಯಾರು ಮೊದಲು ಬಾಯಿ ಬಿಡುತ್ತಾರೋ ಅವರು ಇಳಿಯುವಾಗ ಸಾಮಾನಿನ ಚೀಲ ಹೊರಬೇಕು. ಒಣ ಕೈಗವಸು ಕೇಳಿದರೂ ಬಾಯಿ ಬಿಟ್ಟ ಹಾಗೆಯೇ. ಪ್ರತಿ ಸಲ ಗೊಣಗಪ್ಪನೇ ಮೊದಲು ಸೋಲುತ್ತಿದ್ದ. ಒಬ್ಬ ಸೋತಮೇಲೆ ಆಟ ಮುಗಿಯಿತು. ಉಳಿದವರೆಲ್ಲ ನಗುತ್ತ ಕೈಗವಸು ಬದಲಿಸಿ, ಫ್ಲಾಸ್ಕು ಬಿಚ್ಚುತ್ತಿದ್ದರು.

ಹಿಮಗಾಡಿ ಬೆಟ್ಟದ ಸೊಂಟದವರೆಗೆ ಮಾತ್ರ ಹತ್ತಿತು. ಎಂಜಿನ್ ಆರಿಸಿದರೆ ಮತ್ತೆ ಹೊತ್ತುವ ಭರವಸೆ ಇಲ್ಲ. ಒಬ್ಬರು ಅಲ್ಲೇ ಉಳಿದು ಅದನ್ನು ಓಡಿಸುತ್ತಿರಬೇಕು, ವೈರ್‌ಲೆಸ್ ಹಿಡಿದಿರಬೇಕು.

"ನೀನಿರು," ಎಂದ ಮೇಸ್ತ್ರಿ.

ಗೊಣಗಪ್ಪ ಅಳಿಯನ ಮುಖ ನೋಡಿದ, ಮೇಸ್ತ್ರಿಯ ಮುಖ ನೋಡಿದ. "ಚಳಿ ಕಣಯ್ಯ," ಎಂದ. "ಕೇಳಿಸ್ತಾ? ನಾನು ಹೇಳಿದೀನಿ. ಚೀಲ ನಂದು."

"ಎಂಜಿನ್ ಬಿಸೀಲಿ ಕೂರೋನು ನೀನು. ನಿನ್ನ ಮಾತು ಆಟಕ್ಕಿಲ್ಲ."

ಇಬ್ಬರೂ ಹೆಗಲಿಗೆ ಹೊರೆ ಏರಿಸಿ ಹೊರಟರು.

ಪೈನ್ ಮರಗಳು ಮೊದಲು ಕುಳ್ಳಾದವು, ಆಮೇಲೆ ಮೊಣಕಾಲೆತ್ತರದ ಪೊದೆಗಳಾದವು, ಆಮೇಲೆ ಇಲ್ಲವಾದವು. ಮುಂದೆ ಬರೀ ಬಿಳಿಯ ಏಣು. ಅದರ ಮೇಲೆ ಟವರುಗಳು ಒಂದರ ಹಿಂದೊಂದು ಏರಿ ಹೋಗಿ ಮೋಡದೊಳಗೆ ಮಾಯವಾಗಿದ್ದವು. ಗಾಳಿ ಎಡಗಡೆಯಿಂದ ಒಂದೇ ಸಮನೆ ಬೀಸುತ್ತಿತ್ತು, ಹಿಮದ ಪುಡಿಯನ್ನು ನೆಲದ ಮೇಲೇ ಉಜ್ಜಿಕೊಂಡು ಹೋಗುತ್ತಿತ್ತು. ಹೆಜ್ಜೆ ಇಟ್ಟಲ್ಲಿ ಮೇಲಿನ ಪದರ ಹಪ್ಪಳದಂತೆ ಮುರಿದು ಕಾಲು ಮೊಣಕಾಲವರೆಗೆ ಇಳಿಯುತ್ತಿತ್ತು. ದೂರದಲ್ಲಿ, ಕೆಳಗೆ, ಊರು ಒಂದು ಬೂದು ಕಲೆಯ ಹಾಗೆ ಕಾಣಿಸಿತು. ಒಂದು ದೀಪವೂ ಇರಲಿಲ್ಲ.

ಹದಿನೇಳನೇ ಟವರಿನ ಬುಡದಲ್ಲಿ ತಂತಿ ಆಳು ಮಟ್ಟದ ಹಿಮದಲ್ಲಿ ಹೂತಿತ್ತು. ಅಳಿಯ ಸಲಿಕೆ ಹಿಡಿದ. ಮಾವನೆದುರು ಕೆಲಸ, ರಟ್ಟೆ ಬಿದ್ದುಹೋಗುವ ಹಾಗೆ ಅಗೆದ. ಅರ್ಧ ಗಂಟೆಯಲ್ಲಿ ತಂತಿ ಹೊರಬಂತು. ಅವನ ಕುತ್ತಿಗೆಯಿಂದ ಹಬೆ ಏಳುತ್ತಿತ್ತು. ಮೇಸ್ತ್ರಿಗೆ ಅದು ಕಾಣಿಸಿತು. ಬೇರೆ ಯಾವ ಹುಡುಗನಾಗಿದ್ದರೂ "ಏಯ್, ಬೆವರಿಳಿಸ್ಕೊಂಡು ಸಾಯಬೇಡ" ಎಂದು ಗದರುತ್ತಿದ್ದ. ಇಂದು "ಭೇಷ್" ಎಂದ.

"ಹತ್ತಲಾ ಮೇಸ್ತ್ರಿ?"

"ಗವಸು ಸರಿಯಾಗಿದೆಯಾ?"

"ಸರಿಯಾಗಿದೆ."

ಸರಿಯಾಗಿರಲಿಲ್ಲ. ಒಳಗಿನ ತೆಳು ಗವಸು ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಒಣ ಜೋಡಿ ಚೀಲದಲ್ಲಿತ್ತು, ಚೀಲ ಮಾವನ ಕಾಲ ಬಳಿ ಇತ್ತು. ಅಳಿಯ ಬೆಲ್ಟು ಬಿಗಿದು ಹತ್ತಿದ.

ಮೇಸ್ತ್ರಿ ಕೆಳಗಿನಿಂದ ರಾಟೆಯ ಹಗ್ಗ ಎಳೆದ. ಹೊಸ ಸರ ಮೇಲೆ ಹೋಯಿತು. ತಂತಿ ಇಂಚಿಂಚಾಗಿ ಏರಿತು. ಎರಡನ್ನೂ ಜೋಡಿಸಿ ಒಂದು ಪಿನ್ ತೂರಿಸಿ ಅದರ ಬಾಲ ಬಗ್ಗಿಸಿದರೆ ಕೆಲಸ ಮುಗಿಯಿತು. ಆದರೆ ಪಿನ್ ಕಿರುಬೆರಳಿಗಿಂತ ಚಿಕ್ಕದು, ದಪ್ಪ ಗವಸಿಗೆ ಸಿಗುವಂಥದಲ್ಲ. ಅಳಿಯ ಬಲಗೈಯ ಮೇಲಿನ ಗವಸು ಕಳಚಿ ಹಲ್ಲಲ್ಲಿ ಕಚ್ಚಿಕೊಂಡ.

ಮೊದಲನೇ ಪಿನ್ ಜಾರಿ ಹಿಮಕ್ಕೆ ಬಿತ್ತು.

ಎರಡನೆಯದೂ ಬಿತ್ತು.

ಮೇಸ್ತ್ರಿಗೆ ಆಗಲೇ ತನ್ನ ಪಾದಗಳ ಅರಿವು ಹೋಗಿತ್ತು. ಎರಡು ಕೊರಡಿನ ಮೇಲೆ ನಿಂತ ಹಾಗಿತ್ತು. ಇಳಿದು ಬಾ, ಕೈ ಬೆಚ್ಚಗೆ ಮಾಡಿಕೊಂಡು ಮತ್ತೆ ಹತ್ತು ಎನ್ನಬೇಕು. ಆದರೆ ಹಾಗೆಂದರೆ ಯಾರಿಗೆ ಚಳಿ ಎಂದ ಹಾಗಾಯಿತು? ಮುದುಕನಿಗೆ ತಡೆಯಲಾಗಲಿಲ್ಲ ಎಂದುಕೊಳ್ಳುತ್ತಾನೆ ಹುಡುಗ. ಅವನೇ ಹೇಳಲಿ. ಬೆಕ್ಕಿಗೆ ಗಂಟೆ ಕಟ್ಟಲು ಇಲ್ಲಿ ಇಬ್ಬರೇ ಇಲಿಗಳು, ಇಬ್ಬರಿಗೂ ಮೀಸೆಯ ಚಿಂತೆ. ಅರ್ಧ ಗಂಟೆಯಾಯಿತು. ಮುಖ ನೋಡುವ ಹೊತ್ತು ಬಂತು, ಹೋಯಿತು. ಹನ್ನೆರಡು ಮೀಟರ್ ಮೇಲಿರುವವನ ಮುಖ ಹೇಗೂ ಕಾಣುವುದಿಲ್ಲ ಎಂದು ಮೇಸ್ತ್ರಿ ತನಗೆ ತಾನೇ ಹೇಳಿಕೊಂಡ.

ಆಮೇಲೆ ಮೇಲಿನಿಂದ ಮಾತು ಕೇಳಿಸಿತು. ಕೂಗಲ್ಲ. ಊಟದ ಮನೆಯಲ್ಲಿ ಕೂತು ಆಡುವಂಥ ಮೆತ್ತನೆಯ ಮಾತು.

"ಮಾವ, ಕಿಟಕಿ ತೆಗೀರಿ. ಸೆಖೆ."

ಟವರಿನ ಮೇಲೆ ಅಳಿಯ ಮೇಸ್ತ್ರಿಯನ್ನು ಎಂದೂ ಮಾವ ಎಂದವನಲ್ಲ. ತಲೆಯೆತ್ತಿದ. ಹುಡುಗ ನಡುಗುತ್ತಿರಲಿಲ್ಲ. ಬರಿಗೈಯಿಂದ ಕೋಟಿನ ಗುಂಡಿ ಹುಡುಕುತ್ತಿದ್ದ. ಚಳಿ ತಲೆಗೇರಿದವನಿಗೇ ಹೀಗೆ ಸೆಖೆಯಾಗುವುದು, ಮೇಸ್ತ್ರಿಗೆ ಗೊತ್ತಿತ್ತು.

"ಏಯ್! ಮುಟ್ಟಬೇಡ! ಹಾಗೇ ಇರು!"

ಹಗ್ಗವನ್ನು ಗೂಟಕ್ಕೆ ಬಿಗಿದು ಮೇಸ್ತ್ರಿ ಹತ್ತಿದ. ಐವತ್ತಾರು ವರ್ಷ, ಅರಿವಿಲ್ಲದ ಪಾದ. ಪ್ರತಿ ಮೆಟ್ಟಿಲಿಗೂ ಕಣ್ಣಿಂದ ನೋಡಿ ಕಾಲಿಟ್ಟ.

ಒಮ್ಮೆ ಜಾರಿದ. ಬೆಲ್ಟು ಹಿಡಿಯಿತು.

ಮತ್ತೆ ಹತ್ತಿದ.

ಅಳಿಯನ ಮೂಗು, ಎರಡೂ ಕೆನ್ನೆ ಬಿಳಿಚಿದ್ದವು. ಗವಸು ಎಲ್ಲೋ ಹಾರಿಹೋಗಿತ್ತು. ಬಲಗೈ ಬೆರಳುಗಳು ಮೇಣದ ಬತ್ತಿಯಂತಾಗಿದ್ದವು. ಆ ಬೆರಳುಗಳ ನಡುವೆ ಮೂರನೇ ಪಿನ್ ಇನ್ನೂ ಇತ್ತು.

ಮೇಸ್ತ್ರಿ ಅದನ್ನು ಬಿಡಿಸಿಕೊಂಡ. ತೂತಿಗೆ ತೂರಿಸಿದ, ಬಾಲ ಬಗ್ಗಿಸಿದ. ಅರ್ಧ ನಿಮಿಷ ಹಿಡಿಯಿತು. ಮಗಳ ಗಂಡ ಕಣ್ಣೆದುರು ಮರಗಟ್ಟುತ್ತಿರುವಾಗ ಮೊದಲು ಪಿನ್ ಹಾಕಿದ ಮನುಷ್ಯ ಅವನು. ಕೈಗೆ ಅಂಟಿದ ಕಸುಬು ಎನ್ನಿ, ಊರಿನ ಆಸ್ಪತ್ರೆಯ ನೆನಪು ಎನ್ನಿ. ಅವನು ಆಮೇಲೆ ಎರಡನ್ನೂ ಹೇಳಿಕೊಂಡು ನೋಡಿದ, ಯಾವುದೂ ಸಮಾಧಾನ ಕೊಡಲಿಲ್ಲ.

ಅಳಿಯನನ್ನು ರಾಟೆಯ ಹಗ್ಗಕ್ಕೆ ಕಟ್ಟಿ ಇಳಿಸಿದ. ಟವರಿನ ಬುಡದ ಕಾಂಕ್ರೀಟು ಕಟ್ಟೆಯ ಮರೆಯಲ್ಲಿ ಟಾರ್ಪಾಲು ಹೊದಿಸಿ, ಕೆಳಗೆ ಹಗ್ಗದ ಸಿಂಬಿ ಹಾಸಿ ಕೂರಿಸಿದ. ಒದ್ದೆ ಬನಿಯನ್ ಕತ್ತರಿಸಿ ತೆಗೆದು ಚೀಲದ ಒಣ ಉಣ್ಣೆ ತೊಡಿಸಿದ. ಮರಗಟ್ಟಿದ ಕೈಗಳನ್ನು ಉಜ್ಜಬಾರದು, ಗೊತ್ತಿತ್ತು. ತನ್ನ ಕೋಟು ಬಿಚ್ಚಿ, ಆ ಕೈಗಳನ್ನು ತನ್ನ ಎರಡೂ ಕಂಕುಳಲ್ಲಿ ಇಟ್ಟುಕೊಂಡು ಎದೆಗೆ ಒತ್ತಿ ಹಿಡಿದ. ಕಬ್ಬಿಣದ ಸಲಾಕೆ ಇಟ್ಟುಕೊಂಡ ಹಾಗಾಯಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಒಂದು ಕೈ ಬಿಡಿಸಿ ವೈರ್‌ಲೆಸ್ ಒತ್ತಿದ.

"ಗೊಣಗಪ್ಪ. ಚಳಿ ಕಣೋ. ಬಾ."

ಆ ಕಡೆಯಿಂದ ನಗು ಬರಲಿಲ್ಲ. "ಯಾರಿಗೆ ಜಾಸ್ತಿ?"

"ಹುಡುಗನಿಗೆ."

"ಎಚ್ಚರ ಇದಾನಾ? ನುಂಗ್ತಾನಾ?"

"ನುಂಗ್ತಾನೆ."

"ಫ್ಲಾಸ್ಕಿನದು ಸ್ವಲ್ಪ ಸ್ವಲ್ಪ ಕುಡಿಸು. ಮಾತಾಡಿಸ್ತಿರು. ಬಂದೆ."

ಮೇಸ್ತ್ರಿ ಮಾತಾಡಿಸಿದ. ಬೈದ, ಗೋಗರೆದ, ಮಗಳ ಬಾಲ್ಯದ ತುಂಟತನಗಳನ್ನೆಲ್ಲ ಹೇಳಿದ. "ನೀವು ಕಣ್ಣು ಬಿಡಿ," ಎನ್ನುತ್ತಿದ್ದ, ಮನೆಯ ಬಹುವಚನ ಬಾಯಿಗೆ ತಾನಾಗಿ ಬಂದಿತ್ತು. ಬಹಳ ಹೊತ್ತಿನ ಮೇಲೆ ಅಳಿಯನ ಹಲ್ಲು ಕಟಕಟ ಎಂದವು. ಮೈ ಗಡಗಡ ನಡುಗತೊಡಗಿತು. ನಡುಕ ಬಂದರೆ ಜೀವ ಹಿಂದಿರುಗುತ್ತಿದೆ ಎಂದೇ ಅರ್ಥ. ಮೇಸ್ತ್ರಿ ಗಟ್ಟಿಯಾಗಿ ಅತ್ತುಬಿಟ್ಟ.

ಗೊಣಗಪ್ಪ ಹಿಮಗಾಡಿಯಲ್ಲಿದ್ದ ಜಾರುಬಂಡಿ ಎಳೆದುಕೊಂಡು ಬಂದ.

"ಎಂಜಿನ್?" ಎಂದ ಮೇಸ್ತ್ರಿ.

"ಓಡ್ತಿದೆ. ನಿಂತ್ರೆ ನಿಲ್ಲಲಿ."

ಹುಡುಗನನ್ನು ಕಂಬಳಿಯಲ್ಲಿ ಸುತ್ತಿ ಬಂಡಿಗೆ ಕಟ್ಟಿದರು. ಕೈಗಳಿಗೆ ಮೂರು ಜೋಡಿ ಗವಸು ಏರಿಸಿದರು. ಲೈನ್ ಸಿದ್ಧವಾಗಿದೆ, ಮೂವರೂ ಟವರಿನಿಂದ ದೂರ ಇದ್ದೇವೆ ಎಂದು ಗೊಣಗಪ್ಪ ಕಂಟ್ರೋಲ್ ರೂಮಿಗೆ ತಿಳಿಸಿದ. ಇಳಿಜಾರಿನಲ್ಲಿ ಬಂಡಿ ತಾನೇ ಓಡಲು ನೋಡುತ್ತಿತ್ತು. ಇಬ್ಬರೂ ಹಿಂದಿನಿಂದ ಹಗ್ಗ ಹಿಡಿದು ಹಿಮ್ಮಡಿ ಊರಿ ಇಳಿದರು. ಮೇಸ್ತ್ರಿ ನಾಲ್ಕು ಸಲ ಬಿದ್ದ. ಚೀಲ ಟವರಿನ ಬುಡದಲ್ಲೇ ಉಳಿಯಿತು.

ಅರ್ಧ ದಾರಿಯಲ್ಲಿ ಗೊಣಗಪ್ಪ ಹೇಳಿದ, "ಇಪ್ಪತ್ತು ವರ್ಷ ನಾನೇ ಯಾಕೆ ಮೊದಲು ಬಾಯಿ ಬಿಡ್ತಿದ್ದೆ ಅಂದ್ಕೊಂಡಿದ್ದೆ? ನಂಗೊಬ್ಬನಿಗೇ ಚಳಿ ಆಗ್ತಿತ್ತಾ?"

"ಮತ್ತೆ ಮೊದಲೇ ಹೇಳಬಾರದಾಗಿತ್ತಾ?"

"ಯಾರಿಗೆ ಹೇಳ್ಲಿ? ನೀವೆಲ್ಲ ನಗ್ತಿದ್ರಿ. ನಕ್ಕೊಂಡಾದ್ರೂ ಗವಸು ಬದಲಿಸ್ತಾರಲ್ಲ, ಬಿಡು ಅಂದ್ಕೊಂಡೆ. ಇವತ್ತೂ ಹೇಳಿದ್ದೆ. ಆಟಕ್ಕಿಲ್ಲ ಅಂದೆ ನೀನು."

ಹಗ್ಗ ಜಗ್ಗಿತು, ಇಬ್ಬರೂ ಬಾಗಿ ತಡೆದರು.

ಹಿಮಗಾಡಿಯ ಎಂಜಿನ್ ನಿಂತಿರಲಿಲ್ಲ. ಅದೊಂದು ಪುಣ್ಯ. ಅವರು ಊರು ಮುಟ್ಟುವ ಹೊತ್ತಿಗೆ ಬೀದಿದೀಪಗಳು ಹತ್ತಿದ್ದವು. ಜನ ಕಿಟಕಿಗಳಿಂದ ಕೈಬೀಸಿದರು. ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಒಬ್ಬಳು, ಒಳಗೆ ಹುಟ್ಟಿ ಮೂರು ದಿನವಾದ ಒಂದು ಕೂಸು ಬಿಸಿಪೆಟ್ಟಿಗೆಯಲ್ಲಿದೆ, ಕರೆಂಟು ಬಂದಾಗ ಡೀಸೆಲ್ ಮುಗಿಯಲು ಇಪ್ಪತ್ತೇ ನಿಮಿಷವಿತ್ತು, ನೀವು ಬದುಕಿಸಿದಿರಿ ಎಂದಳು. ಆ ಮಾತು ನಿಜವಾಗಿತ್ತು. ಮೇಸ್ತ್ರಿ ತಲೆಯಾಡಿಸಿದ.

ಮೂರು ವಾರ ಕಾದು ನೋಡಿದರು. ಅಳಿಯನ ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು; ಎಡಗೈ ಉಳಿಯಿತು, ಮೂಗು ಉಳಿಯಿತು. ಬಲಗೈಯ ನಾಲ್ಕು ಬೆರಳುಗಳನ್ನು ನಡುಗಿಣ್ಣಿಗೆ ಕತ್ತರಿಸಿದರು. ಮೇಸ್ತ್ರಿಗೆ ಹೋದದ್ದು ಎಡಗಾಲಿನ ಒಂದು ಕಿರುಬೆರಳು. ಆ ಅರ್ಧ ನಿಮಿಷದ ವಿಷಯ ಅವನು ಡಾಕ್ಟರಲ್ಲಿ ಕೇಳಿದ. ಅಷ್ಟರಿಂದ ಏನೂ ವ್ಯತ್ಯಾಸವಾಗಿರುವುದಿಲ್ಲ, ಅದಕ್ಕೂ ಮುಂಚಿನ ಒಂದು ಗಂಟೆಯಿಂದ ಆಗಿದೆ ಎಂದರು ಅವರು.

ಆಪರೇಷನ್ ಆದ ಮರುದಿನ ಮಗಳು ವಾರ್ಡಿನಿಂದ ಹೊರಗೆ ಬಂದು ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತಳು. ಇಷ್ಟು ದಿನದಲ್ಲಿ ಅವಳು ಒಂದು ಒರಟು ಮಾತೂ ಆಡಿರಲಿಲ್ಲ.

"ಅಪ್ಪ, ನಿನಗೆ ಹೆದರಿ ಅವರು ಗವಸು ಕೇಳಲಿಲ್ವಂತೆ. ಅದು ನಂಗೆ ಅರ್ಥ ಆಗುತ್ತೆ," ಎಂದಳು. "ನೀನು ಸುಮ್ಮನಿದ್ದೆಯಲ್ಲ, ನೀನು ಯಾರಿಗೆ ಹೆದರಿದ್ದೆ?"

ಮೇಸ್ತ್ರಿ ತನ್ನ ಹತ್ತೂ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ.

"ಅವನಿಗೇ ಕಣಮ್ಮ."

ಮಗಳು ಗಂಡನ ಅಂಗಿಯ ಗುಂಡಿ ಹಾಕಲು ಎದ್ದು ಒಳಗೆ ಹೋದಳು.